ಅಕ್ಕನ ಐದು ಕಳಾವರ್

ಫೋನಿನಲ್ಲಿ ಬ್ರಿಡ್ಜ್ ಆಡಲು ಶುರು ಮಾಡಿದ ಮೇಲೆ ನಮ್ಮ ತಂಡದ ಒಂದು ಆಟವಾದರೂ ನೆಟ್ಟಗೆ ಮುಗಿದದ್ದು ನನಗೆ ನೆನಪಿಲ್ಲ. ಬೇರೆ ತಂಡದವರು ಗೆಲ್ಲುತ್ತಾರೆ ಅಥವಾ ಸೋಲುತ್ತಾರೆ, ಫೋನನ್ನು ಚಾರ್ಜಿಗೆ ಹಾಕಿ ಊಟಕ್ಕೆ ಹೋಗುತ್ತಾರೆ. ನಮ್ಮದು ಹಾಗಲ್ಲ. ಹೇಗೆ ಗೆದ್ದೆವು ಎಂದು ಹೇಳಲು ಹೊರಟರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನಂಬುವುದಿಲ್ಲ.

ನನ್ನದು ಕೋಟೇಶ್ವರದಲ್ಲಿ ಸಣ್ಣ ಹೋಟೆಲು. ಮೊದಲು ಮುಂಬೈಯ ಒಂದು ಕ್ಲಬ್ಬಿನ ಕ್ಯಾಂಟೀನಿನಲ್ಲಿದ್ದೆ. ಬ್ರಿಡ್ಜ್ ಆಡುವವರ ಮೇಜಿಗೆ ಚಾ ಕೊಟ್ಟೂ ಕೊಟ್ಟೂ ಆಟ ಕಲಿತೆ. ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ನಾಲ್ಕು ಜನ ಕೂರುತ್ತಾರೆ, ಎದುರುಬದುರಾದ ಇಬ್ಬರು ಒಂದು ಜೋಡಿ. ಎಲೆ ಹಂಚಿದ ಮೇಲೆ ಮೊದಲು ಹರಾಜು. ಇಂಥ ಬಣ್ಣವನ್ನು ತುರುಪು ಮಾಡಿಕೊಂಡು ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಕೂಗಬೇಕು. ನಾಲ್ಕು ಎಂದು ಕೂಗಿದರೆ ಹತ್ತು ಸುತ್ತು, ಐದಾದರೆ ಹನ್ನೊಂದು, ಏಳಾದರೆ ಹದಿಮೂರಕ್ಕೆ ಹದಿಮೂರೂ. ಬಣ್ಣಗಳಲ್ಲಿ ಸ್ಪೇಡ್ ಎಲ್ಲಕ್ಕಿಂತ ಮೇಲೆ, ಕಳಾವರ್ ಎಲ್ಲಕ್ಕಿಂತ ಕೆಳಗೆ; ಮೇಲಿನ ಬಣ್ಣದವರು ಅಷ್ಟೇ ಕೂಗಿದರೆ ಸಾಕು, ಕೆಳಗಿನವರು ಒಂದು ಏರಿಸಲೇಬೇಕು. ಹೇಳಿದಷ್ಟು ಗೆದ್ದರೆ ಅಂಕ, ತಪ್ಪಿದರೆ ದಂಡ. ಕೂಗುವುದು ಬೇಡವಾದರೆ ಪಾಸ್ ಎಂದು ಸುಮ್ಮನಾಗಬಹುದು. ಈ ಸುಮ್ಮನಾಗುವುದರಲ್ಲೇ ನಮ್ಮ ಕಥೆ ಇರುವುದು.

ಬಂದರಿನ ಹರಾಜು

ನನ್ನ ಜೋಡಿ ಬೀಜಾಡಿಯ ಮೀನಿನ ಅಕ್ಕ. ಗಂಗೊಳ್ಳಿ ಬಂದರಿನಲ್ಲಿ ಬೆಳಿಗ್ಗೆ ಹರಾಜಿನಲ್ಲಿ ಮೀನು ಕೊಂಡು ಲಾರಿಗೆ ಹಾಕಿಸಿ, ಆಮೇಲೆ ನನ್ನ ಹೋಟೆಲಿಗೆ ಬಂದು ಚಾ ಕುಡಿಯುವುದು ಅವರ ರೂಢಿ. ಒಂದು ದಿನ ನನ್ನ ಫೋನಿನಲ್ಲಿ ಎಲೆಗಳನ್ನು ಕಂಡು ಎಂತದು ಅಂತ ಕೇಳಿದರು. ಇದೂ ಒಂದು ಹರಾಜು ಅಂದೆ. ಹರಾಜು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕುರ್ಚಿ ಎಳೆದುಕೊಂಡು ಕೂತವರು ಆಟ ಕಲಿತೇ ಎದ್ದರು. ಎಲೆ ಆಡುವುದರಲ್ಲಿ ಚುರುಕು. ಕೂಗುವುದರಲ್ಲಿ ಮಾತ್ರ ಅವರನ್ನು ಹಿಡಿಯುವವರಿಲ್ಲ.

ಯಾಕೆಂದರೆ ಬಂದರಿನಲ್ಲಿ ಒಂದು ನಡೆ ಇದೆ. ಎದುರಾಳಿ ಒಂದು ರಾಶಿಗೆ ಕೂಗಿದಾಗ ನೀವು ಬಾಯಿ ಮುಚ್ಚಿ ನಿಂತರೆ, ಇವರ ಹತ್ತಿರ ಗಿರಾಕಿ ಇಲ್ಲ ಎಂದು ಎಲ್ಲರೂ ತಿಳಿಯುತ್ತಾರೆ. ಮರುದಿನ ದೋಣಿಯವರು ನಿಮ್ಮ ಮುಖ ನೋಡುವುದಿಲ್ಲ. ಹಾಗಾಗಿ ಪಾಸ್ ಎನ್ನುವುದೆಂದರೆ ಅಕ್ಕನಿಗೆ ಮರ್ಯಾದೆ ಹೋದ ಹಾಗೆ.

ಕಳೆದ ವರ್ಷ ಕುಂದಾಪುರ, ಬೈಂದೂರು, ಬ್ರಹ್ಮಾವರ ಮೊದಲಾದ ಊರುಗಳ ತಂಡಗಳ ಪಂದ್ಯದಲ್ಲಿ ಕುಂದಾಪುರದ ನಾವು ಬ್ರಹ್ಮಾವರದ ಎದುರು ಬಿದ್ದೆವು. ಅವರ ಕ್ಯಾಪ್ಟನ್ ಗ್ರಾನೈಟ್ ಅಂಗಡಿಯ ಯಜಮಾನರು, ಮಾತೂ ಅದೇ ಸಾಮಾನಿನದು. ಅವರು ನಾಲ್ಕು ಕೂಗಿದರು, ಅಕ್ಕ ಐದು ಕೂಗಿದರು. ಅವರು ಐದು, ಅಕ್ಕ ಆರು. ಅವರು ಆರು ಕೂಗಿದ ಮೇಲೆ ನಾನು ಮನೆದೇವರಿಗೆ ಹೇಳಿಕೊಂಡೆ. ದೇವರು ಆನ್‌ಲೈನ್ ಇರಲಿಲ್ಲವೋ ಏನೋ, ಅಕ್ಕ ಏಳು ಕೂಗಿದರು. ಕೈಯಲ್ಲಿ ಒಂದು ಎಕ್ಕವೂ ಇರಲಿಲ್ಲ. ಬಿದ್ದ ದಂಡಕ್ಕೆ ಇಡೀ ಪಂದ್ಯ ಮುಳುಗಿತು.

ಯಜಮಾನರು ಎಲ್ಲ ತಂಡಗಳೂ ಇರುವ ಗ್ರೂಪಿನಲ್ಲಿ ಬರೆದರು: "ಇದು ಮೀನು ಮಾರ್ಕೆಟ್ ಅಲ್ಲ. ಮುಂದಿನ ಸಲ ಆಟ ಗೊತ್ತಿರುವವರನ್ನು ಜೋಡಿ ಮಾಡಿಕೊಂಡು ಬನ್ನಿ."

ನನಗೆ ಸಿಟ್ಟು ನೆತ್ತಿಗೇರಿತು. ಸೋತದ್ದಕ್ಕಲ್ಲ, ಆ ಮಾತಿಗೆ. ಮರುದಿನ ಬೆಳಿಗ್ಗೆ ಅಕ್ಕ ಬಂದು ಚಾ ಮುಟ್ಟದೆ ಕೂತರು. ಅವರು ಹಾಗೆ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ. "ಇನ್ನೊಂದ್ ಸಲ ಆ ಜನದ ಕೈಲಿ ಸೋತ್ರೆ ನಾನ್ ಎಲೆ ಮುಟ್ಟುದಿಲ್ಲೆ, ಗೊತ್ತಾಯ್ತಾ?" ಅಂದರು. ಅಕ್ಕ ಹೇಳಿದರೆ ಹೇಳಿದ್ದೇ. ಅವರಿಲ್ಲದೆ ನನಗಂತೂ ಆಟ ಬೇಕಿರಲಿಲ್ಲ.

ಪಾಸ್ ಎನ್ನುವುದು ನಾಚಿಕೆಯಲ್ಲ ಎಂದು ನಾನು ನೂರೊಂದನೆಯ ಸಲ ಬಿಡಿಸಿ ಹೇಳಿದೆ. ಅಕ್ಕ ಚಾದ ಲೋಟ ಹತ್ತಿರ ಎಳೆದುಕೊಂಡರು.

"ಅಂದ್ರೆ, ಮೀನೇ ಬ್ಯಾಡ ಅಂದಲ್ಲ, ಈ ಮೀನ್ ಬ್ಯಾಡ ಅಂದ್. ಅಲ್ದಾ? ಅದ್ನ ಮೊದ್ಲೇ ಹಾಂಗ್ ಹೇಳುಕೆ ನಿಮ್ಗ್ ಎಂತ ಆಯಿತ್ತ್?"

ಮಡಿಯಲ್ಲಿದ್ದ ಭಟ್ರು

ನಮ್ಮ ತಂಡದ ಇನ್ನೊಂದು ಜೋಡಿ ಸಾಲಿಗ್ರಾಮದ ಭಟ್ರು ಮತ್ತು ಕೆರಾಡಿಯ ಪಂಪ್ ಮೆಕ್ಯಾನಿಕ್. ಭಟ್ರು ಲೆಕ್ಕದ ಮನುಷ್ಯ. ಕೈಯಲ್ಲಿರುವ ಎಲೆಯ ಬೆಲೆ ಪೂರ್ತಿ ಕೂಡದಿದ್ದರೆ ಪ್ರಾಣ ಹೋದರೂ ಕೂಗುವುದಿಲ್ಲ. ಅಕ್ಕನ ಅರ್ಧ ಧೈರ್ಯ ಭಟ್ರಿಗೂ ಭಟ್ರ ಅರ್ಧ ಹೆದರಿಕೆ ಅಕ್ಕನಿಗೂ ಹಂಚಿದ್ದರೆ ನನ್ನ ತಲೆ ಇಷ್ಟು ಬೇಗ ನೆರೆಯುತ್ತಿರಲಿಲ್ಲ.

ಈ ವರ್ಷದ ಮೊದಲ ಪಂದ್ಯ ಭಾನುವಾರ ಬೆಳಿಗ್ಗೆ ಬಿತ್ತು. ಭಟ್ರ ಮನೆಯಲ್ಲಿ ಪೂಜೆಯ ಹೊತ್ತು. ಮಡಿಯಲ್ಲಿ ಫೋನು ಮುಟ್ಟುವ ಹಾಗಿಲ್ಲ. ಅದಕ್ಕೆ ಭಟ್ರು ಒಂದು ಉಪಾಯ ಹೂಡಿದರು. ಅವರ ಹೆಂಡತಿ, ನಾವೆಲ್ಲ ಅಮ್ಮ ಅನ್ನುವವರು, ಫೋನು ಹಿಡಿದು ದೇವರ ಕೋಣೆಯ ಹೊಸ್ತಿಲಾಚೆ ಕೂರುವುದು, ಎಲೆ ತೋರಿಸುವುದು. ಭಟ್ರು ಮಂತ್ರದ ನಡುವೆ ಹೇಳಿದ್ದನ್ನು ಅಮ್ಮ ಒತ್ತುವುದು. ನಿಯಮದಲ್ಲಿ ಇದಕ್ಕೆ ಅವಕಾಶ ಉಂಟೋ ಇಲ್ಲವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಎಲೆಗಳು ದರಿದ್ರವಾಗಿದ್ದವು. ಭಟ್ರು ಪಾಸ್ ಅಂದರು, ಅಮ್ಮ ಒತ್ತಿದರು. ಮತ್ತೆ ಪಾಸ್, ಮತ್ತೆ ಒತ್ತಿದರು. ಹೀಗೇ ನಡೆಯಿತು. ಆಮೇಲೊಂದು ಆಟದಲ್ಲಿ ಮೆಕ್ಯಾನಿಕ್ ಒಂದು ಸ್ಪೇಡ್ ಎಂದು ಕೂಗಿ ಭಟ್ರ ಉತ್ತರಕ್ಕೆ ಕಾದ. ಭಟ್ರು ದೂರದಿಂದಲೇ ಎಲೆ ನೋಡಿ, ಬೆಲೆ ಸಾಲದು ಎಂದು ಪಾಸ್ ಅಂದು ಆರತಿಗೆ ತಿರುಗಿದರು. ಘಂಟೆ ಬಾರಿಸಿ, ಆರತಿ ಎತ್ತಿ, ಹೊರಗೆ ಬಂದು ನೋಡಿದರೆ ಫೋನಿನಲ್ಲಿ ಅವರ ಹೆಸರಿನ ಎದುರು ಎರಡು ಸ್ಪೇಡ್ ಅಂತ ಇದೆ. ಅದನ್ನು ನಂಬಿ ಮೆಕ್ಯಾನಿಕ್ ನಾಲ್ಕಕ್ಕೆ ಹಾರಿದ್ದಾನೆ, ಆಡಿ ಗೆದ್ದೂ ಆಗಿದೆ.

ಯಾರು ಒತ್ತಿದ್ದು ಅಂತ ಭಟ್ರು ಕೇಳಿದರೆ ಅಮ್ಮನಿಗೆ ಅಳುಕಿಲ್ಲ.

"ಪಾಪ, ಅವ್ರ್ ಅಷ್ಟ್ ಮರ್ಯಾದಿ ಕೊಟ್ಟ್ ಕೇಂತಾ ಇದ್ರ್. ಒಂದ್ ಸಲ ಇಲ್ಲೆ ಅಂಬುಕಾತ್. ಪ್ರತಿ ಸಲವೂ ಇಲ್ಲೆ ಇಲ್ಲೆ ಅಂದ್ ಕಳ್ಸುದ್ ನಮ್ಮನಿ ಕ್ರಮ ಅಲ್ಲ."

ಆ ಒಂದು ಆಟದ ಅಂಕದಲ್ಲೇ ನಾವು ಮೊದಲ ಪಂದ್ಯ ದಾಟಿದೆವು. ಭಟ್ರು ಗ್ರೂಪಿನಲ್ಲಿ ತಾವೇ ಧೈರ್ಯ ಮಾಡಿದ ಹಾಗೆ ಬರೆದುಕೊಂಡರು. ಆದರೆ ಮೆಕ್ಯಾನಿಕ್‌ಗೆ ವಿಷಯ ಹೇಗೋ ಗೊತ್ತಾಗಿದೆ. ಈಗ ಯಾವ ಪಂದ್ಯವಿದ್ದರೂ ಅವನು ಮೊದಲು ನನಗೆ ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ, ಭಟ್ರು ಮಡಿಯಲ್ಲಿದ್ದಾರಲ್ಲ?

ಹಾಲಾಡಿಯಲ್ಲಿ ನಿಂತ ಬಸ್ಸು

ಎರಡನೆಯ ಪಂದ್ಯ ಬೈಂದೂರಿನವರ ಮೇಲೆ. ಅವರ ಕ್ಯಾಪ್ಟನ್ ಡಾಕ್ಟರು. ರೋಗಿಗಳು ಮುಗಿಯಲಿಲ್ಲ ಎಂದು ಆಟ ಎಳೆದೂ ಎಳೆದೂ ಸಂಜೆಯಾಯಿತು. ಮೆಕ್ಯಾನಿಕ್ ಕುಂದಾಪುರದ ಕೆಲಸ ಮುಗಿಸಿ ಕೆರಾಡಿಗೆ ಹೋಗುವ ಬಸ್ಸು ಹತ್ತಿದ್ದ. ಬಸ್ಸಿನಲ್ಲೇ ಆಟ ನಡೆಯುತ್ತಿತ್ತು. ಹಾಲಾಡಿ ಸರ್ಕಲ್ ತಲುಪುವಾಗ ಕೊನೆಯ ಆಟ. ಅವನು ಆರು ಡೈಮನ್ ಕೂಗಿಬಿಟ್ಟಿದ್ದ. ಹಾಲಾಡಿ ದಾಟಿದರೆ ಮುಂದೆ ಕಾಡಿನ ದಾರಿ, ನೆಟ್‌ವರ್ಕ್ ಇಲ್ಲ. ಆಟ ಅರ್ಧಕ್ಕೆ ನಿಂತರೆ ನಾವು ಸೋತ ಲೆಕ್ಕ. ಸೋತರೆ ಬ್ರಹ್ಮಾವರದವರ ಎದುರು ಕೂರುವ ಅವಕಾಶವೇ ಅಕ್ಕನಿಗೆ ಇಲ್ಲ.

ಮೆಕ್ಯಾನಿಕ್ ಹೋಗಿ ಡ್ರೈವರನ ಹತ್ತಿರ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಡ್ರೈವರನ ಮನೆಯ ಬಾವಿಯ ಪಂಪು ರಿಪೇರಿ ಮಾಡಿದ್ದು ಇವನೇ. ಬಸ್ಸು ನಿಂತಿತು. ಹಿಂದಿನಿಂದ ಯಾರೋ ಯಾಕೆ ನಿಲ್ಲಿಸಿದ್ದು ಅಂತ ಜೋರು ಮಾಡಿದರು. ಕುಂದಾಪುರ ಗೆಲ್ಲಬೇಕಾದರೆ ನಿಲ್ಲಬೇಕು ಅಂತ ಕಂಡಕ್ಟರ್ ಸಮಜಾಯಿಷಿ ಕೊಟ್ಟ. ಯಾವುದರಲ್ಲಿ ಗೆಲ್ಲುವುದು ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಎದ್ದು ಬಂದು ಮೆಕ್ಯಾನಿಕ್‌ನ ಸೀಟಿನ ಸುತ್ತ ನಿಂತರು.

ಆಟ ನಿಂತಿದ್ದದ್ದು ಒಂದೇ ಎಲೆಯ ಮೇಲೆ. ಡೈಮನ್ ರಾಣಿ ಎಡದವರ ಕೈಯಲ್ಲಿದೆಯೋ ಬಲದವರ ಕೈಯಲ್ಲಿದೆಯೋ? ಸರಿಯಾಗಿ ಊಹಿಸಿದರೆ ಗೆಲುವು, ಇಲ್ಲವಾದರೆ ಮನೆಗೆ. ಮೆಕ್ಯಾನಿಕ್‌ನ ತಲೆ ಓಡಲಿಲ್ಲ. ಕಂಡಕ್ಟರ್ ಸೀಟಿ ಊದಿ, ಎಡ ಅಂಬವ್ರ್ ಕೈ ಎತ್ತಿ ಅಂದ. ಅರ್ಧ ಬಸ್ಸು ಎತ್ತಿತು. ಬಲ ಅಂದಾಗ ಉಳಿದರ್ಧ ಎತ್ತಿತು. ಒಬ್ಬಳು ಅಜ್ಜಿ ಎರಡೂ ಸಲ ಎತ್ತಿದಳು. ಕೊನೆಗೆ ಎಲ್ಲರೂ ಡ್ರೈವರನ ಕಡೆ ನೋಡಿದರು.

"ಗೇರ್ ಹಾಕುದ್ ಎಡಗೈಲಿ. ಇಷ್ಟ್ ವರ್ಷ ಅದೇ ನಡ್ಸಿದ್ದ್," ಅಂದ ಡ್ರೈವರ್. "ಎಡಕ್ಕೇ ಹೋಯ್ಲಿ."

ರಾಣಿ ಎಡಕ್ಕೇ ಇದ್ದಳು. ಬಸ್ಸಿನಲ್ಲಿ ಎದ್ದ ಗಲಾಟೆಗೆ ಸರ್ಕಲ್ಲಿನ ಅಂಗಡಿಯವರು ಏನೋ ಅಪಘಾತ ಆಗಿದೆಯೆಂದು ಓಡಿ ಬಂದರಂತೆ. ಮರುದಿನ ಡಾಕ್ಟರು ದೊಡ್ಡ ಮನಸ್ಸಿನಿಂದ ಮೆಕ್ಯಾನಿಕ್‌ಗೆ ಫೋನ್ ಮಾಡಿ, ರಾಣಿ ಎಡಕ್ಕಿದೆ ಎಂದು ಹೇಗೆ ಲೆಕ್ಕ ಹಾಕಿದ್ದು ಅಂತ ವಿಚಾರಿಸಿದರು. ಇವನು ಗಂಭೀರವಾಗಿ, ಅನುಭವ ಸಾರ್, ಅಂದ. ಯಾರ ಅನುಭವ ಅಂತ ಹೇಳಲಿಲ್ಲ.

ಐದು ಕಳಾವರ್

ಕೊನೆಯ ಪಂದ್ಯ ಬ್ರಹ್ಮಾವರದ ಮೇಲೆ, ಭಾನುವಾರ ಮಧ್ಯಾಹ್ನ ಊಟ ಕಳೆದು. ಅಕ್ಕ ಬೀಜಾಡಿಯ ಮನೆಯಲ್ಲಿ, ನಾನು ಹೋಟೆಲಿನ ಗಲ್ಲಾದಲ್ಲಿ. ಭಟ್ರು ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡಿದ್ದರು. ಮೆಕ್ಯಾನಿಕ್ ಶುಭದ ಜಾಗ ಅಂತ ಹಾಲಾಡಿ ಸರ್ಕಲ್ಲಿಗೇ ಬಂದು ಕೂತಿದ್ದ.

ಅಕ್ಕ ಅವತ್ತು ಆಡಿದ್ದನ್ನು ನೋಡಿ ನನಗೇ ಗುರುತು ಸಿಗಲಿಲ್ಲ. ಬೇಡದ ಕಡೆ ಪಾಸ್, ಬೇಕಾದ ಕಡೆ ಒಂದೇ ಕೂಗು. ಯಜಮಾನರಿಗೆ ಬೇಸರ ಬಂದಿರಬೇಕು. ಈ ಸಲ ಬಂದರಿಗೆ ರಜೆಯೋ ಎಂದು ನಡುವೆ ಬರೆದರು. ಅಕ್ಕ ಮುಂದಿನ ಎಲೆ ಆಡಿದರು. ಕೊನೆಯ ಆಟಕ್ಕೆ ಬರುವಾಗ ನಾವು ಒಂದು ಕೂದಲೆಳೆಯಷ್ಟು ಮುಂದಿದ್ದೆವು.

ಕೊನೆಯ ಎಲೆ ಬಿತ್ತು. ಯಜಮಾನರು ಸ್ಪೇಡ್ ಕೂಗಿದರು, ಅಕ್ಕ ಕಳಾವರ್ ಕೂಗಿದರು. ನನ್ನ ಹತ್ತಿರವೂ ಕಳಾವರ್ ಇತ್ತು, ಒಂದು ಕೂಗು ಏರಿಸಿದೆ. ಯಜಮಾನರು ನಾಲ್ಕು ಸ್ಪೇಡ್ ಅಂದರು. ಅದು ಅವರಿಗೆ ಗೆಲ್ಲುವ ಆಟವೇ ಎಂದು ನನ್ನ ಎಲೆ ನೋಡಿದರೇ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅಕ್ಕನ ಕಡೆಯಿಂದ ಬಂತು, ಐದು ಕಳಾವರ್.

ಕಳೆದ ವರ್ಷದ ಆ ಏಳು ಕಣ್ಣ ಮುಂದೆ ಬಂದು ನಿಂತಿತು. ಗಿರಾಕಿಯೊಬ್ಬ ಬನ್ಸ್ ಕೇಳಿದರೆ ನಾನು ಅವನಿಗೆ ಪಾಸ್ ಅಂದೆನಂತೆ.

ಯಜಮಾನರು ಯೋಚಿಸಿದರು. ನಮ್ಮನ್ನು ಐದರಲ್ಲೇ ಬಿಟ್ಟರೆ ನಾವು ಆ ಆಟ ಸೋಲುತ್ತಿದ್ದೆವು, ಆದರೆ ಅವರಿಗೆ ಸಿಗುವ ದಂಡ ಸಣ್ಣದು, ಅದರಿಂದ ಪಂದ್ಯ ಗೆಲ್ಲಲಾಗದು. ಅವರಿಗೆ ದೊಡ್ಡ ಅಂಕವೇ ಬೇಕಿತ್ತು. ತುಂಬಾ ಹೊತ್ತಿನ ಮೇಲೆ ಐದು ಸ್ಪೇಡ್ ಅಂತ ಬಂತು.

ಈಗ ಅಕ್ಕನ ಸರದಿ. ಆರು ಅಂದರೆ ಮುಗಿಯಿತು, ಪಂದ್ಯವೂ ಮುಗಿಯಿತು, ಅಕ್ಕನ ಆಟವೂ ಮುಗಿಯಿತು. ನಾನು ಪರದೆ ನೋಡುತ್ತಿದ್ದೆ.

ಪಾಸ್ ಅಂತ ಬಂತು. ಅಷ್ಟು ಚಂದದ ಪಾಸನ್ನು ನಾನು ಮುಂಬೈ ಕ್ಲಬ್ಬಿನಲ್ಲೂ ಕಂಡಿಲ್ಲ.

ಯಜಮಾನರು ಹನ್ನೊಂದು ಸುತ್ತು ಗೆಲ್ಲಬೇಕಿತ್ತು, ಹತ್ತೇ ಸಿಕ್ಕಿತು. ತಂಡದ ಪಂದ್ಯದಲ್ಲಿ ಇನ್ನೊಂದು ಮೇಜಿಗೂ ಅದೇ ಎಲೆ ಹಂಚುತ್ತಾರೆ, ಎರಡರ ವ್ಯತ್ಯಾಸವೇ ಅಂಕ. ಅಲ್ಲಿ ಯಜಮಾನರ ಆ ಸ್ಪೇಡ್ ಬಂದದ್ದು ನಮ್ಮ ಮೆಕ್ಯಾನಿಕ್‌ನ ಕೈಗೆ. ಅವನು ನಾಲ್ಕಕ್ಕೇ ನಿಂತು ಹತ್ತು ಸುತ್ತು ಹೊಡೆದು ಗೆದ್ದಿದ್ದ. ಪಂದ್ಯ ನಮ್ಮದಾಯಿತು. ನಾನು ಗಲ್ಲಾದಿಂದ ಎದ್ದು ಹೋಟೆಲಿನಲ್ಲಿದ್ದವರಿಗೆಲ್ಲ ಚಾ ಕೊಡಿಸಿದೆ. ಕಾರಣ ಕೇಳಿದವರಿಗೆ ಪಾಸ್ ಬಂತು ಅಂದೆ. ಮಗಳದೋ ಮಗನದೋ ಅಂತ ಕೇಳಿದರು.

ಅಕ್ಕನಿಗೆ ಫೋನ್ ಮಾಡಿ, ಐದು ಕೂಗುವ ಧೈರ್ಯ ಹೇಗೆ ಬಂತು ಅಂತ ಕೇಳಿದೆ.

"ಐಸ್ ತುಂಬ್ಸಿ ಲಾರಿ ನಿಲ್ಸಿದ ಜನ ಅವ್ರ್. ಖಾಲಿ ತಿರ್ಗಿ ಹೋಪುಕಾತ್ತಾ? ನಾನ್ ಒಂದ್ ಕೂಗ್ ಏರ್ಸಿರೆ ಅವ್ರೂ ಏರ್ಸ್ತ್ರ್ ಅಂದ್ ಗೊತ್ತಿತ್ತ್."

ಮತ್ತೆ ಯಾಕೆ ಆರು ಕೂಗಲಿಲ್ಲ ಅಂದೆ.

"ಆ ಮೀನ್ ನಂಗ್ ಬ್ಯಾಡಿತ್ತ್, ಹ್ವಾಯ್."

ಮರುದಿನ ಬೆಳಿಗ್ಗೆ ಅಕ್ಕ ಹೋಟೆಲಿನಲ್ಲಿ ಕೂತು ಚಾ ಆರಿಸುತ್ತಿದ್ದರು. ನನ್ನ ಫೋನ್ ಬಡಿಯಿತು. ಬ್ರಹ್ಮಾವರದ ಯಜಮಾನರು. ದನಿ ಬೆಣ್ಣೆಯ ಹಾಗೆ ಆಗಿತ್ತು. ಮುಂದಿನ ತಿಂಗಳು ಮಂಗಳೂರಿನಲ್ಲಿ ಜೋಡಿಗಳ ಪಂದ್ಯವಿದೆ, ಬೇಜಾರಿಲ್ಲವಾದರೆ ಆ ಒಂದು ಪಂದ್ಯಕ್ಕೆ ಅಕ್ಕನನ್ನು ತಮ್ಮ ಜೋಡಿಯಾಗಿ ಬಿಟ್ಟುಕೊಡಬಹುದೇ ಅಂತ ಕೇಳಿದರು. ಮೀನು ಮಾರ್ಕೆಟ್ ಅಂದ ಬಾಯಿ ಅದೇ. ನನಗೆ ನಗು ಬಂತು, ಹೊಟ್ಟೆಕಿಚ್ಚೂ ಬಂತು. ಫೋನಿಗೆ ಕೈ ಅಡ್ಡ ಹಿಡಿದು ಅಕ್ಕನಿಗೆ ವಿಷಯ ಹೇಳಿದೆ.

ಅಕ್ಕ ಅವಸರ ಮಾಡಲಿಲ್ಲ. ಚಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ನಾಳೆ ಬೆಳಿಗ್ಗೆ ಬಂದರಿಗೆ ಬಪ್ಪುಕ್ ಹೇಳಿ. ನಾನ್ ಬೇಕಾರೆ ಅಲ್ಲ್ ಕೂಗ್ಲಿ," ಅಂದರು. ಎದ್ದು ಹೊರಟವರು ಬಾಗಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. "ನೀವೂ ಬನ್ನಿ."