ಎರಡು ನಿಮಿಷ ತಡೀರಿ, ಸಾಯಬ್ಯಾಡ್ರಿ

ಸಾಯುವಾಗ ಮನುಷ್ಯನಿಗೆ ಏನೆನ್ನಿಸುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ಒಂದು ವರ್ಷದಿಂದ ವಾರಕ್ಕೆ ನಾಲ್ಕೈದು ಸಲವಾದರೂ ಸಾಯುತ್ತಿದ್ದೇನೆ. ಮೊದಲು ಟಿ.ವಿ. ಪರದೆ ಕೆಂಪಾಗುತ್ತದೆ, ಆಮೇಲೆ ಎದೆಬಡಿತ ಕೇಳಿಸುತ್ತದೆ, ಆಮೇಲೆ ಮೂವತ್ತರಿಂದ ಹಿಂದಕ್ಕೆ ಎಣಿಕೆ ಶುರುವಾಗುತ್ತದೆ. ಅದು ಸೊನ್ನೆಗೆ ಬರುವುದರೊಳಗೆ ಜೊತೆಗಾರರು ಬಂದು ಕೈಹಿಡಿದು ಎಬ್ಬಿಸಿದರೆ ಉಳಿದಿರಿ, ಇಲ್ಲದಿದ್ದರೆ ಇಲ್ಲ. ನಿಜವಾದ ಸಾವಿನಲ್ಲೂ ಇಷ್ಟು ಅಚ್ಚುಕಟ್ಟು ಇದ್ದಿದ್ದರೆ ಎಷ್ಟೋ ಜನರಿಗೆ ಅನುಕೂಲವಾಗುತ್ತಿತ್ತು.

ನಾನು ಸಂಡೂರು ಕಡೆಯ ಯಶವಂತನಗರದ ಹತ್ತಿರ ಒಂದು ಗಣಿ ಕಂಪನಿಯಲ್ಲಿ ಹಾಜರಿ ಬರೆಯುವವನು. ಮನೆ ಹೊಸಪೇಟೆಯಲ್ಲಿ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಬಿಳಿ ಅಂಗಿ ತೊಟ್ಟು ಹೋಗಿ ಸಂಜೆ ಅದೇ ಅಂಗಿಯನ್ನು ಕೆಂಪಾಗಿಸಿಕೊಂಡು ಬರುವ, ಐವತ್ತು ದಾಟಿದ, ಬಿ.ಪಿ. ಮಾತ್ರೆ ನುಂಗುವ ಗೃಹಸ್ಥ. ನಮ್ಮ ಇಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ, ಸಾಮಾನು ಹೆಚ್ಚಾಯಿತೆಂದು, ಟಿ.ವಿ.ಗೆ ಜೋಡಿಸುವ ಗೇಮಿನ ಪೆಟ್ಟಿಗೆಯನ್ನೂ ಎರಡು ಕಂಟ್ರೋಲರುಗಳನ್ನೂ ನನ್ನ ಕೈಗಿಟ್ಟು ಹೋದರು. ಅದರೊಳಗಿದ್ದದ್ದು ಒಂದೇ ಆಟ. ಇನ್ನೂ ಇನ್ನೂರು ಮುನ್ನೂರು ವರ್ಷ ಕಳೆದ ಮೇಲೆ ಯಾವುದೋ ಗ್ರಹದಲ್ಲಿ ಯಂತ್ರಗಳು ಮನುಷ್ಯರ ಮೇಲೆ ತಿರುಗಿಬಿದ್ದಿರುತ್ತವೆ. ಬಂದೂಕು ಹಿಡಿದು ಅವನ್ನು ಉಡಾಯಿಸುತ್ತ ಹೋಗಬೇಕು. ಈ ಆಟದಲ್ಲಿ ನಮ್ಮ ಯೋಧನನ್ನು ನಾವು ಹಿಂದಿನಿಂದ ಮಾತ್ರ ನೋಡುತ್ತಿರುತ್ತೇವೆ. ಎರಡು ಮೊಳ ಅಗಲದ ಹೆಗಲು, ಹೊಟ್ಟೆಯ ಸುಳಿವೇ ಇಲ್ಲದ ಸೊಂಟ. ಆ ಬೆನ್ನು ನನ್ನದೇ ಎಂದುಕೊಂಡು ನೋಡುವುದರಲ್ಲಿ ಎಂಥದೋ ಸುಖವಿತ್ತು.

ನನ್ನ ಹೆಂಡತಿ ನಾಗರತ್ನ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಮೊದಮೊದಲು, "ಈ ವಯಸ್ಸಿಗೆ ಇದೊಂದು ಬಾಕಿ ಇತ್ತೇನ್ರಿ" ಎಂದು ನಗುತ್ತಿದ್ದವಳು, ಒಂದು ಭಾನುವಾರ ಎರಡನೆಯ ಕಂಟ್ರೋಲರ್ ಹಿಡಿದು ಕೂತಳು. ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುವವಳಿಗೆ ಗುರಿ ಇಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅಂದಿನಿಂದ ಭಾನುವಾರ ಊಟವಾದ ಮೇಲೆ ಪರದೆಯನ್ನು ಎರಡು ಭಾಗ ಮಾಡಿಕೊಂಡು ಇಬ್ಬರೂ ಆಡುವುದು ರೂಢಿಯಾಯಿತು. ನಾನು ಮುಂದೆ ನುಗ್ಗುವುದು, ಬೀಳುವುದು. ಅವಳು ಹಿಂದಿನಿಂದ ಬಂದು ಎಬ್ಬಿಸುವುದು. ಸಂಸಾರ ಸುಗಮವಾಗಿಯೇ ನಡೆದಿತ್ತು.

ಹೋದ ತಿಂಗಳ ಒಂದು ಭಾನುವಾರ ಮೂರನೆಯ ಗೋಪುರದ ಬುಡದಲ್ಲಿ ನಾನು ಬಿದ್ದೆ. ಅದೇ ಹೊತ್ತಿಗೆ ಪಕ್ಕದ ಮನೆ ಗಂಗಮ್ಮ ಬ್ಲೌಸ್ ಪೀಸ್ ಹಿಡಿದುಕೊಂಡು ಬಾಗಿಲಿಗೆ ಬಂದರು. ನಾಗರತ್ನ ಕಂಟ್ರೋಲರ್ ಕೆಳಗಿಟ್ಟು ಟೇಪು ತೆಗೆದುಕೊಂಡು ಎದ್ದು ಹೋದಳು. ಪರದೆಯಲ್ಲಿ ಅವಳ ಯೋಧೆ ನನ್ನಿಂದ ಆರು ಅಡಿ ದೂರದಲ್ಲಿ, ಬಸ್ಸಿಗೆ ಕಾಯುವವಳಂತೆ, ಸುಮ್ಮನೆ ನಿಂತಿದ್ದಳು. ಎಣಿಕೆ ಇಪ್ಪತ್ತಕ್ಕೆ ಬಂತು. ನನಗೆ ತಡೆಯಲಾಗಲಿಲ್ಲ.

"ನಾಗೂ, ಜಲ್ದಿ ಬಾ. ನಾ ಸಾಯಾಕತ್ತೀನಿ" ಎಂದು ಕೂಗಿದೆ.

"ಎರಡು ನಿಮಿಷ ತಡೀರಿ, ಸಾಯಬ್ಯಾಡ್ರಿ" ಎಂದಳು ಬಾಗಿಲಿನಿಂದಲೇ. ಆಮೇಲೆ ಗಂಗಮ್ಮನಿಗೆ, "ತೋಳು ಮೊಣಕೈ ಮಟ ಇರ್ಲೇನ್ರಿ?"

"ಒಂದೀಟು ಕೈಹಿಡಿದು ಎಬ್ಬಸು. ಹತ್ತೇ ಉಳಿದಾವು."

"ಹೋದ್ರ ಹೋಗ್ಲಿ ಬಿಡ್ರಿ, ಮತ್ತ ಬರ್ತೀರಲ್ಲ."

ನಾನು ಸತ್ತೆ. ಆಮೇಲೆ ಜಗಳವಾಡಿ, ಗಂಡ ದೊಡ್ಡವನೋ ಗಂಗಮ್ಮನ ತೋಳು ದೊಡ್ಡದೋ ಎಂದು ಕೇಳಿದೆ. ಅವಳು ಹೋಗಿ ಮಷೀನಿನ ಮುಂದೆ ಕೂತಳು. ಅಲ್ಲಿಂದ ನಾನು ಮಾತು ಬಿಟ್ಟೆ.

ಗಂಗಮ್ಮನ ತವರು ಕಂಪ್ಲಿ. ನಾಗರತ್ನಳ ಸೋದರಮಾವ ಶರಣಪ್ಪನವರ ರೈಸ್ ಮಿಲ್ಲು ಇರುವುದೂ ಕಂಪ್ಲಿಯಲ್ಲಿ. ಹೀಗಾಗಿ ಸೋಮವಾರ ಬೆಳಿಗ್ಗೆ ನಾನು ಅರ್ಧ ಗಡ್ಡ ಹೆರೆದುಕೊಂಡು ಬಾಗಿಲು ತೆಗೆದಾಗ, ಹಣೆತುಂಬ ವಿಭೂತಿ, ಕೈಯಲ್ಲಿ ಎರಡು ಎಳನೀರು ಹಿಡಿದು ಶರಣಪ್ಪ ಮಾವ ನಿಂತಿದ್ದರು. ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ನೀವ ಬಂದು ಬಾಗಿಲಾ ತೆಗದ್ರಲ್ಲ, ಅಳಿಯಾರ?"

"ಯಾಕ್ರಿ ಮಾವಾರ, ಮತ್ಯಾರು ತೆಗೀಬೇಕಿತ್ತು?"

ಅವರು ಒಳಗೆ ಬಂದು ಕೂತು ವಿಷಯ ಹೇಳಿದರು. ನನಗೆ ಎದೆನೋವು ಬಂದು ನೆಲದ ಮೇಲೆ ಬಿದ್ದು ಒದ್ದಾಡಿದೆನಂತೆ. ಹೆಂಡತಿ ಅಳತೆ ತೆಗೆಯುತ್ತ, ಹೋದ್ರ ಹೋಗ್ಲಿ ಬಿಡ್ರಿ ಅಂದಳಂತೆ. ಕಂಪ್ಲಿಯ ಮನೆಯಲ್ಲಿ ಒಲೆ ಹಚ್ಚಿಲ್ಲವಂತೆ. ನಾಗರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂತು. "ನಾ ಅಂಥಾಕೀನ ಏನ್ ಮಾವ?" ಎಂದಳಷ್ಟೆ. ಅಲ್ಲಿಯವರೆಗೆ ತಮಾಷೆಯಾಗಿದ್ದದ್ದು ನನಗೂ ತಮಾಷೆಯಾಗಿ ಕಾಣಲಿಲ್ಲ. ಆದರೂ ಹುಳುಕು ಮನಸ್ಸು ನೋಡಿ, ಎಬ್ಬಿಸಲಿಲ್ಲ ಎಂಬುದಂತೂ ಖರೆ ಎಂದು ನಾನು ಸೇರಿಸಿದೆ.

ಶರಣಪ್ಪ ಮಾವ ನಾಲ್ಕು ಊರಿನ ಹೊಲದ ಬದುವಿನ ತಂಟೆ, ಅಣ್ಣತಮ್ಮಂದಿರ ಪಾಲಿನ ತಂಟೆ ಬಗೆಹರಿಸಿದವರು. ತಂಟೆ ಎಂದರೆ ಅವರ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

"ಎಲ್ಲಿ ಬಿದ್ದಿದ್ರಿ?"

"ಇಲ್ಲಲ್ರಿ. ಬ್ಯಾರೆ ಗ್ರಹದಾಗ."

"ಯಾವ ಗ್ರಹ? ಶನಿನಾ?"

"ಶನಿ ಅಲ್ರಿ."

"ಹಂಗಾರ ಅಡ್ಡಿಯಿಲ್ಲ. ಆದ್ರ ಜಾಗ ನೋಡ್ದ ನಾ ನ್ಯಾಯ ಹೇಳಾವಲ್ಲ. ತೋರಸ್ರಿ."

ಕಂಪನಿ ಬಸ್ಸು ಹೋಗಿಯೇ ಬಿಟ್ಟಿತ್ತು. ಟಿ.ವಿ. ಹಚ್ಚಿದೆ. ಮಾತಿಲ್ಲದ ಗಂಡ ಹೆಂಡತಿ ಸೋಫಾದ ಆ ತುದಿ ಈ ತುದಿ ಕೂತೆವು. ಮಾವ ನಡುವೆ ಕೂತರು. ಕೆಂಪು ನೆಲ, ಸೀಳಿದ ಗುಡ್ಡ, ಗರಗರ ತಿರುಗುವ ಯಂತ್ರಗಳನ್ನು ನೋಡಿ, "ಇದು ಸಂಡೂರ ಕಡೀದ ಐತಲ್ಲ, ನನಗ್ಯಾಕ ಸುಳ್ಳ ಹೇಳ್ತೀರಿ" ಎಂದರು. ಮೂರನೆಯ ಗೋಪುರದ ಬುಡ ತೋರಿಸಿದೆ. ಅಲ್ಲಿಂದ ನಾಗರತ್ನ ನಿಂತಿದ್ದ ಜಾಗಕ್ಕೆ ನನ್ನ ಯೋಧನನ್ನು ಹೆಜ್ಜೆ ಹಾಕಿಸಿ ಎಣಿಸಿಕೊಂಡರು. ಆಮೇಲೆ ಆಟ ಮುಂದೆ ಹೋಯಿತು, ನಾವು ಗೆದ್ದೆವು ಕೂಡ. ಆಗ ಪರದೆಯ ಮೇಲೆ ಒಂದು ಪಟ್ಟಿ ಬಂತು. ನಾನು ಯಾವಾಗಲೂ ಅದರ ಮೊದಲ ಸಾಲು ಓದಿ ಗುಂಡಿ ಒತ್ತಿಬಿಡುತ್ತಿದ್ದೆ. ಮಾವ ನನ್ನ ಮುಂಗೈ ಹಿಡಿದರು.

"ಬರವಣಿಗಿ ಐತಿ. ಓದ್ರಿ."

"ಯಂತ್ರ ಕೆಡವಿದ್ದರಾಗ ನಾನ ಮುಂದ ಅದೀನ್ರಿ" ಎಂದೆ.

"ಕೆಳಗ?"

ನನಗೆ ಕನ್ನಡಕ ಬೇಕಾಯಿತು. ನಾಗರತ್ನಳೇ ಓದಿದಳು. "ಜೋಡಿದಾರರನ್ನ ಎಬ್ಬಿಸಿದ್ದು, ಮಾವ. ಮೊದಲಿಂದ ಇಲ್ಲೀ ತನಕ. ನಾನು ನೂರಾ ಹನ್ನೆರಡು ಸಲ. ಇವರು ಸೊನ್ನಿ."

ಮಾವ ಅವಳ ಕಡೆ ತಿರುಗಿದರು. "ನೀ ಒಂದು ಸಲಾನೂ ಬಿದ್ದಿಲ್ಲೇನವ್ವಾ?"

"ಬಿದ್ದೀನಿ ಮಾವ."

"ಆವಾಗ ಇವರೆಲ್ಲಿದ್ರು?"

"ಮುಂದ ಹೋಗಿರ್ತಿದ್ರು."

ಯುದ್ಧದಲ್ಲಿ ಯಾರಾದರೂ ಮುಂದೆ ಹೋಗಲೇಬೇಕಾಗುತ್ತದೆ ಎಂದು ನಾನು ವಿವರಿಸಿದೆ. ಮಾವ ಕೇಳಿಸಿಕೊಂಡಂತೆ ಕಾಣಲಿಲ್ಲ. "ಆದದ್ದಾತು. ಈಗ ಆಕೀನ ಎಬ್ಬಸಿ ತೋರಸ್ರಿ, ನಾ ಇಲ್ಲಿಗೇ ಮುಗಸ್ತೀನಿ" ಎಂದರು. ನಾಗರತ್ನ ಬೇಕೆಂದೇ ಒಂದು ಯಂತ್ರದ ಎದುರು ಹೋಗಿ ನಿಂತು ಬಿದ್ದಳು. ಎಣಿಕೆ ಶುರುವಾಯಿತು. ನಾನು ಓಡಿಹೋಗಿ ಅವಳ ಪಕ್ಕ ನಿಂತೆ. ನಿಂತ ಮೇಲೆ ತಿಳಿಯಿತು, ಎಬ್ಬಿಸುವ ಗುಂಡಿ ಯಾವುದೆಂದು ನನಗೆ ಗೊತ್ತೇ ಇಲ್ಲ. ಒಂದು ಒತ್ತಿದೆ, ಯೋಧ ನೆಗೆದ. ಇನ್ನೊಂದು ಒತ್ತಿದೆ, ಬಂದೂಕಿಗೆ ಗುಂಡು ತುಂಬಿಕೊಂಡ. ನಾಗರತ್ನಳನ್ನು ಕೇಳೋಣವೆಂದರೆ ಮಾತು ಬಿಟ್ಟವನು ನಾನೇ. ಹನ್ನೆರಡು, ಹನ್ನೊಂದು. ಸಿಕ್ಕ ಗುಂಡಿ ಅಮುಕಿದೆ. ನನ್ನ ಯೋಧ ಬಂದೂಕನ್ನು ಬೆನ್ನಿಗೆ ಸಿಕ್ಕಿಸಿ, ಎರಡೂ ಕೈ ಸೊಂಟಕ್ಕಿಟ್ಟು, ಸಾಯುತ್ತಿದ್ದ ಹೆಂಡತಿಯ ಸುತ್ತ ಕುಣಿಯತೊಡಗಿದ. ನಿಲ್ಲಿಸುವ ಗುಂಡಿಯೂ ಗೊತ್ತಿರಲಿಲ್ಲ. ಎಣಿಕೆ ಮುಗಿದು ಅವಳು ಸತ್ತ ಮೇಲೂ ಸ್ವಲ್ಪ ಹೊತ್ತು ಕುಣಿದ.

ಶರಣಪ್ಪ ಮಾವ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡು ಎದ್ದರು. ನನ್ನ ಕಡೆ ನೋಡಲಿಲ್ಲ. ಸೊಸೆಯ ತಲೆಯ ಮೇಲೆ ಕೈಯಿಟ್ಟು, "ಯವ್ವಾ, ಏನರ ಆಗ್ಲಿ, ಹೊಲಿಗಿ ಮಷೀನು ಮಾತ್ರ ಬಿಡಬ್ಯಾಡ" ಎಂದು ಹೇಳಿ ಹೊರಟರು.

ಕಂಪ್ಲಿಯಲ್ಲಿ ನಾಗರತ್ನಳ ಹೆಸರು ಈಗ ಸ್ವಚ್ಛವಾಗಿದೆ. ಅವಳು ನನ್ನ ಜೊತೆ ಮಾತೂ ಆಡುತ್ತಾಳೆ, ಆ ಗುಂಡಿಯನ್ನೂ ತೋರಿಸಿಕೊಟ್ಟಿದ್ದಾಳೆ. ಆದರೆ ಅಲ್ಲಿನ ಸಂಬಂಧಿಕರ ಮದುವೆಗೆ ಮೊನ್ನೆ ಹೋದಾಗ, ಊಟದ ಸಾಲಿನಲ್ಲಿ ಅಜ್ಜಿಯೊಬ್ಬರು ನನ್ನನ್ನು ತೋರಿಸಿ ಪಕ್ಕದವರಿಗೆ, "ಹೆಂಡ್ತಿ ಸಾಯುವಾಗ ಕುಣಿದಾವ ಇವನ" ಎಂದರು. ತಿದ್ದೋಣವೆಂದು ಬಾಯಿ ತೆರೆದೆ. ಯೋಚಿಸಿ ನೋಡಿದರೆ ಅಜ್ಜಿ ಹೇಳಿದ್ದರಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.