ಆಯತಾಕಾರದ ನೈಸರ್ಗಿಕ ಕುಸಿತ

ಆ ಕಣಿವೆಯ ಪ್ರತಿಯೊಂದು ಗೋಡೆಯೂ ಗುಡ್ಡದ ಮೇಲಿನ ನೋಟದ ಕಟ್ಟೆಯಿಂದ ಕಾಣುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು.

ನಂಬಿಕೆಗೆ ಆಧಾರವಿರಲಿಲ್ಲ ಎನ್ನುವಂತಿಲ್ಲ. ಕಣಿವೆಗೆ ಇಳಿಯುವ ರಸ್ತೆಯ ಬದಿಯಲ್ಲಿ ಫಲಕವೇ ಇತ್ತು: ‘ಇದು ಸಂರಕ್ಷಿತ ಗ್ರಾಮೀಣ ಭೂದೃಶ್ಯ. ನೋಟದ ಕಟ್ಟೆಯಿಂದ ಕಾಣುವ ಯಾವುದನ್ನೇ ಆಗಲಿ ಹೊಸದಾಗಿ ಕಟ್ಟುವುದು, ತೆರೆಯುವುದು, ಎತ್ತರಿಸುವುದು ಅಥವಾ ಚೆಂದಗೊಳಿಸುವುದು ಶಿಕ್ಷಾರ್ಹ ಅಪರಾಧ. ಅಪ್ಪಣೆ ಮೇರೆಗೆ, ಭೂದೃಶ್ಯ ಸಂರಕ್ಷಣಾ ಪ್ರಾಧಿಕಾರ.’ ಊರಿನವರು ಯಾರೂ ಆ ಕಟ್ಟೆಯನ್ನು ಹತ್ತಿ ನೋಡಿರಲಿಲ್ಲ. ಹೆಚ್ಚು ಜನ ನೋಡಿದರೆ ದೃಶ್ಯ ಸವೆಯುತ್ತದೆ ಎಂಬ ಕಾರಣಕ್ಕೆ ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಊರಿನವರಿಗೆ ಇದು ಸರಿಯೆನಿಸಿತ್ತು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ, ದೃಶ್ಯ ಮಾತ್ರ ಏನು ಕಬ್ಬಿಣದ್ದೇ?

ದರ್ಜಿಗೂ ಈ ಬಗ್ಗೆ ತಕರಾರು ಇರಲಿಲ್ಲ, ವಕೀಲರ ಕೋಟು ಹೊಲಿಯುವ ತನಕ.

ಅವನು ಹೊಲಿಯುತ್ತಿದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಎಡಕ್ಕೂ ಬಲಕ್ಕೂ ನೆರೆಮನೆಗಳ ಗೋಡೆ, ಮುಂದೆ ಅಡುಗೆಮನೆ, ಹಿಂದೆ ಗುಡ್ಡಕ್ಕೆ ಮುಖ ಮಾಡಿದ ಕುರುಡು ಗೋಡೆ. ನಡುಮಧ್ಯಾಹ್ನವೂ ದೀಪ ಹಾಕಿಕೊಂಡೇ ಕೆಲಸ. ದೀಪದ ಹಳದಿ ಬೆಳಕಿನಲ್ಲಿ ಕಪ್ಪು ಬಟ್ಟೆಯೂ ಕಡುನೀಲಿ ಬಟ್ಟೆಯೂ ಒಂದೇ ತಾಯಿಯ ಮಕ್ಕಳು. ಹೀಗಾಗಿ ವಕೀಲರ ಕೋಟಿಗೆ ಒಂದು ತೋಳು ಕಪ್ಪು, ಇನ್ನೊಂದು ನೀಲಿ ಬಿತ್ತು. ವಕೀಲರು ಅದನ್ನು ತೊಟ್ಟು ನ್ಯಾಯಾಲಯದಲ್ಲಿ ಎರಡೂ ಕೈ ಎತ್ತಿ ವಾದಿಸಿದಾಗ ನ್ಯಾಯಾಧೀಶರು, ತಾವು ನಿಜವಾಗಿ ಯಾರ ಪರ ಎಂದು ಕೇಳಿದರಂತೆ.

ವಕೀಲರು ಕೋಟನ್ನು ತಂದು ಹೊಲಿಗೆ ಯಂತ್ರದ ಮೇಲೆ ಎಸೆದರು. “ನೋಡಪ್ಪಾ, ನಮ್ಮ ಸಂಘದವರ ಕೋಟೆಲ್ಲ ನಿನ್ನ ಕೈಯಲ್ಲೇ ಹೊಲಿಸೋದು. ಇನ್ನೊಂದು ಸಲ ಹೀಗಾದರೆ ಪೇಟೆಯ ರೆಡಿಮೇಡ್ ಅಂಗಡಿಗೆ ಹೋಗ್ತೀವಿ. ಆಮೇಲೆ ನೀನು ದಿಂಬಿನ ಚೀಲ ಹೊಲಕೊಂಡಿರು.”

ಆ ಕೋಟುಗಳು ಹೋದರೆ ದರ್ಜಿಗೆ ಉಳಿಯುತ್ತಿದ್ದದ್ದು ನಿಜವಾಗಿಯೂ ದಿಂಬಿನ ಚೀಲವೇ. ಅವನು ತಲೆ ಮೇಲೆ ಕೈ ಹೊತ್ತು ಕೂತ.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,” ಎಂದಳು ಹೆಂಡತಿ ಒಳಗಿನಿಂದ. “ನೀವು ಗೋಡೆ ಕುರುಡು ಅಂತೀರಿ.”

“ಗೋಡೆ ಕುರುಡೇ ಕಣೇ. ಒಂದು ಕಿಟಕಿ ಇದ್ದಿದ್ದರೆ...”

“ಕೋಟು ವಾಪಸ್ ಬಂದಾಗಿನಿಂದ ಇದೇ ರಾಗ. ಹೋಗಿ ಒಂದು ಅರ್ಜಿ ಕೊಡಿ. ಅವರೇನು ನಿಮ್ಮನ್ನ ತಿಂದುಬಿಡ್ತಾರಾ?”

ಪ್ರಾಧಿಕಾರದವರು ಅರ್ಜಿದಾರರನ್ನು ತಿನ್ನುತ್ತಿರಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ತಿನ್ನುವುದಕ್ಕೆ ಅವರಲ್ಲಿ ಬೇರೆ ವ್ಯವಸ್ಥೆಯಿತ್ತು.

ಕಚೇರಿಯಲ್ಲಿ ಗುಮಾಸ್ತ ತಲೆಯೆತ್ತದೆ ಕೇಳಿದ. “ಏನು ಬೇಕು?”

“ಕಿಟಕಿ, ಸ್ವಾಮಿ.”

“ಹಳೇದೋ, ಹೊಸದೋ?”

“ಇನ್ನೂ ಇಲ್ಲ.”

“ಇಲ್ಲದ್ದು ಹೊಸದು. ಹೊಸದಕ್ಕೆ ಅನುಮತಿ ಕೊಡಲ್ಲ.”

“ಹಳೇದಾಗಿದ್ದರೆ?”

“ಹಳೇದಕ್ಕೆ ಅನುಮತಿ ಬೇಕಾಗಿಲ್ಲ.”

“ಹಾಗಾದರೆ ಅನುಮತಿ ಕೊಡೋದು ಯಾವುದಕ್ಕೆ?”

ಗುಮಾಸ್ತ ಲೇಖನಿ ಕೆಳಗಿಟ್ಟು ಸೂರು ನೋಡಿದ. “ಇದುವರೆಗೂ ಕೊಟ್ಟಿಲ್ಲ,” ಎಂದು ಒಪ್ಪಿಕೊಂಡ. ಆಮೇಲೆ ಎದ್ದು, ಬೆನ್ನು ತಿರುಗಿಸಿ, ಪ್ಯಾಂಟಿನ ಹಿಂಭಾಗವನ್ನು ತೋರಿಸಿದ. “ನೀವು ದರ್ಜಿ ಅಲ್ವಾ? ಇಲ್ಲಿ ಬಿಗಿಯಾಗ್ತಿದೆ. ಕೂತು ಕಡತ ನೋಡೋಕೇ ಆಗ್ತಿಲ್ಲ.”

ದರ್ಜಿ ಪ್ಯಾಂಟಿನ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಟ್ಟ ಮೇಲೆ ಗುಮಾಸ್ತನಿಗೆ ಕೂರಲು ಸಾಧ್ಯವಾಯಿತು. ಕಡತ ಅಧಿಕಾರಿಯ ಕೋಣೆಗೆ ಹೋಯಿತು.

ಅಧಿಕಾರಿ ಸಜ್ಜನ. ಅವರಿಗೆ ವಾರ್ಷಿಕ ಸಮ್ಮೇಳನಕ್ಕೆ ಒಂದು ಕಪ್ಪು ಕೋಟು ಬೇಕಾಗಿತ್ತು, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಅಳತೆ ಕೊಡುತ್ತಾ ತೋಳು ಚಾಚಿಕೊಂಡೇ ಕಾನೂನನ್ನು ವಿವರಿಸಿದರು.

“ನೋಡಿ, ಕಟ್ಟೋದನ್ನ ನಾವು ತಡೀತೀವಿ. ಬೀಳೋದನ್ನ ತಡೆಯಲ್ಲ. ಬೀಳೋದು ಗ್ರಾಮೀಣ ಸೌಂದರ್ಯದ ಅವಿಭಾಜ್ಯ ಅಂಗ. ಚಿತ್ರ ಬರೆಯೋರು ಬಿದ್ದ ಗೋಡೆಯನ್ನೇ ಹುಡುಕಿಕೊಂಡು ಬರ್ತಾರೆ.”

“ನನ್ನ ಗೋಡೆ ಗಟ್ಟಿಯಾಗಿದೆಯಲ್ಲ, ಸ್ವಾಮಿ.”

“ಅದು ನಿಮ್ಮ ದುರದೃಷ್ಟ. ಆದರೆ ಬೀಳೋದಕ್ಕೆ ಅರ್ಜಿ ಹಾಕಬಹುದು. ಎಷ್ಟು ಅಗಲದ ಕಿಟಕಿ... ಎಷ್ಟು ಅಗಲದ ಕುಸಿತ ಬೇಕು?”

ದರ್ಜಿ ಕೊರಳಲ್ಲಿದ್ದ ಟೇಪನ್ನು ಗಾಳಿಯಲ್ಲಿ ಹಿಡಿದು ತೋರಿಸಿದ. ಅಧಿಕಾರಿ ಬರೆದುಕೊಂಡರು: ‘ಆಯತಾಕಾರದ ನೈಸರ್ಗಿಕ ಕುಸಿತ, ಒಂದು.’

ಉಳಿದದ್ದು ಕಾರಣ. ಅರ್ಜಿಯಲ್ಲಿ ಮಳೆ, ಗಾಳಿ, ಭೂಕಂಪ, ಇತರೆ ಎಂದಿತ್ತು. ಮಳೆಗೆ ಮೂಲೆ ತೆಗೆಯಲು ಬರುವುದಿಲ್ಲ. ಗಾಳಿ ಇಲಾಖೆಯ ಮಾತು ಕೇಳುವುದಿಲ್ಲ. ಭೂಕಂಪಕ್ಕಾದರೆ ನೆರೆಯವರ ಒಪ್ಪಿಗೆ ಪತ್ರ ಬೇಕು.

“ಇತರೆ ಅಂತ ಹಾಕೋಣ. ನಿಮಗೆ ಯಾರಾದರೂ ಇತರೆ ಗೊತ್ತಾ?” ಎಂದರು ಅಧಿಕಾರಿ.

“ನನ್ನ ಭಾವಮೈದ ಗಾರೆ ಕೆಲಸ ಮಾಡ್ತಾನೆ.”

“ಸಾಕು.”

ಹೀಗೆ ದರ್ಜಿಯ ಹೆಂಡತಿಯ ತಮ್ಮ ಪ್ರಾಧಿಕಾರದಲ್ಲಿ ‘ಅಧಿಕೃತ ನೈಸರ್ಗಿಕ ಕಾರಣ’ ಎಂದು ನೋಂದಣಿಯಾದ. ಅವನ ಎದೆಗೆ ಒಂದು ಬಿಲ್ಲೆ ಸಿಕ್ಕಿತು. ಜೊತೆಗೆ ನಿಯಮಾವಳಿಯನ್ನೂ ಕೊಟ್ಟರು. ನೈಸರ್ಗಿಕ ಕಾರಣವು ಮಟ್ಟಗೋಲನ್ನಾಗಲಿ ತೂಗುಗುಂಡನ್ನಾಗಲಿ ಬಳಸತಕ್ಕದ್ದಲ್ಲ. ಯಾವುದೇ ಮುನ್ಸೂಚನೆಯಿಲ್ಲದೆ ಬರತಕ್ಕದ್ದು; ಯಾವಾಗ ಬರುವುದೆಂದು ಕಚೇರಿಗೆ ಮೊದಲೇ ತಿಳಿಸತಕ್ಕದ್ದು. ಕೆಲಸದ ನಡುವೆ ಯಾರನ್ನೂ ಬೈಯತಕ್ಕದ್ದಲ್ಲ, ಗುಡುಗಬಹುದು.

ಬಿಲ್ಲೆ ಬಂದದ್ದೇ ತಡ, ಭಾವಮೈದನ ನಡಿಗೆ ಬದಲಾಯಿತು. ಅಕ್ಕನ ಮನೆಗೆ ಬಂದು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ.

“ಭಾವ, ನಿಸರ್ಗದ ಮುಂದೆ ಮನುಷ್ಯ ಎಷ್ಟರವನು ಹೇಳಿ. ಅಕ್ಕಾ, ಬಿಸಿನೀರು ಕಾಯಿಸು, ಸ್ನಾನ ಮಾಡಬೇಕು.”

“ನಿಸರ್ಗ ಸ್ನಾನ ಮಾಡುತ್ತೇನೋ?”

“ಮಳೆ ಅಂದರೆ ಮತ್ತೇನು ಅಂದುಕೊಂಡಿದ್ದೆ?”

“ಬಿಸಿನೀರಿನ ಮಳೆ ಯಾವ ಊರಲ್ಲಿ ಸುರಿಯುತ್ತೆ? ಎದ್ದು ಬಾವಿ ಹತ್ತಿರ ಹೋಗು,” ಎಂದಳು ಅಕ್ಕ. ನಿಸರ್ಗ ತಣ್ಣೀರಿನಲ್ಲಿ ಮಿಂದು ಬಂತು.

ನಿಗದಿಯಾದ ಬೆಳಿಗ್ಗೆ, ಯಾವುದೇ ಮುನ್ಸೂಚನೆಯಿಲ್ಲದೆ, ಎಲ್ಲರೂ ಹಿಂದಿನ ಕೋಣೆಯಲ್ಲಿ ಸೇರಿದರು. ಅಧಿಕಾರಿ ಹೊಸ ಕೋಟು ತೊಟ್ಟು ಬಂದಿದ್ದರು. ಅದನ್ನು ದರ್ಜಿ ಇದೇ ಕೋಣೆಯಲ್ಲಿ, ಇದೇ ದೀಪದ ಕೆಳಗೆ ಹೊಲಿದಿದ್ದ ಎಂಬುದು ಆ ಕ್ಷಣಕ್ಕೆ ಯಾರಿಗೂ ಮುಖ್ಯವೆನಿಸಲಿಲ್ಲ. ಗುಮಾಸ್ತ ತಲೆ ತಗ್ಗಿಸಿ ನಿಂತ; ದುರಂತಗಳಲ್ಲಿ ಹಾಗೆ ನಿಲ್ಲಬೇಕೆಂದು ಸುತ್ತೋಲೆಯಿತ್ತು. ಭಾವಮೈದ ಒಮ್ಮೆ ಗುಡುಗಿ, ಸುತ್ತಿಗೆ ಎತ್ತಿದ. ಗೋಡೆ ನೈಸರ್ಗಿಕವಾಗಿ, ನಾಲ್ಕು ಮೂಲೆಗಳೂ ನೆಟ್ಟಗಿರುವಂತೆ ಕುಸಿಯಿತು.

ಕೋಣೆಗೆ ಹಗಲು ಬಂತು. ನೇರವಾಗಿ ಅಧಿಕಾರಿಯ ಕೋಟಿನ ಮೇಲೆ ಬಿತ್ತು. ಎಡತೋಳು ಕಪ್ಪು, ಬಲತೋಳು ನೀಲಿ.

ಅಧಿಕಾರಿ ಒಂದು ತೋಳನ್ನು ನೋಡಿದರು. ಇನ್ನೊಂದನ್ನು ನೋಡಿದರು. ಸಮ್ಮೇಳನ ಮುಗಿದು ವಾರವಾಗಿತ್ತು. ಅಲ್ಲಿ ಇದೇ ಕೋಟಿನಲ್ಲಿ ಅವರ ಫೋಟೋ ತೆಗೆದಿದ್ದರು. ಆಮೇಲೆ ಕುಸಿತದ ಕಡೆ ತಿರುಗಿ, “ಈ ಬೆಳಕು ಕಡತದಲ್ಲಿಲ್ಲ,” ಎಂದರು.

“ಸ್ವಾಮಿ?”

“ಗೋಡೆ ಬೀಳೋದಕ್ಕೆ ಅನುಮತಿ ಕೊಟ್ಟಿದ್ದೇವೆ. ಬೆಳಕು ಒಳಗೆ ಬರೋದಕ್ಕೆ ಕೊಟ್ಟಿಲ್ಲ. ಇದು ಹೊಸದು. ಮುಚ್ಚಿಸಿ.”

ದರ್ಜಿಯ ಕೈಯಲ್ಲಿದ್ದ ಟೇಪು ನೆಲಕ್ಕೆ ಬಿತ್ತು. ಭಾವಮೈದ ಬಿಲ್ಲೆಯನ್ನು ಅಂಗಿಯೊಳಗೆ ಸೇರಿಸಿಕೊಂಡ. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೆಂಡತಿ ಮಾತ್ರ ಮುಂದೆ ಬಂದಳು.

“ಬೆಳಕು ಹೇಗೆ ಹೊಸದಾಗುತ್ತೆ ಸ್ವಾಮಿ? ಸೂರ್ಯ ನಮ್ಮ ತಾತನ ಕಾಲಕ್ಕಿಂತ ಮುಂಚಿನಿಂದ ಇದ್ದಾನೆ. ಹಳೇದಕ್ಕೆ ಅನುಮತಿ ಬೇಕಾಗಿಲ್ಲ ಅಂತ ನಿಮ್ಮ ಗುಮಾಸ್ತರೇ ಇವರಿಗೆ ಹೇಳಿದ್ದಾರೆ.”

ಅಧಿಕಾರಿ ಗುಮಾಸ್ತನನ್ನು ನೋಡಿದರು. ಗುಮಾಸ್ತ, ದುರಂತ ಇನ್ನೂ ಮುಗಿದಿಲ್ಲವೆಂದು ತಿಳಿದು, ತಲೆಯನ್ನು ಇನ್ನಷ್ಟು ತಗ್ಗಿಸಿದ.

“ಸೂರ್ಯ ಹಳೆಯದು,” ಎಂದು ಅಧಿಕಾರಿ ಕೊನೆಗೆ ಒಪ್ಪಿದರು. “ಅದು ಸಂರಕ್ಷಿತ ಪಟ್ಟಿಯಲ್ಲಿ ಇರಬೇಕಾದದ್ದು. ಹೇಗೆ ಬಿಟ್ಟುಹೋಯಿತೋ.” ಅಲ್ಲೇ ಸೇರಿಸಿದರು. ಕೋಟನ್ನು ಬಿಚ್ಚಿ ದರ್ಜಿಯ ಕೈಗಿಟ್ಟು, “ನೀಲಿ ತೋಳು ತೆಗೆಯಿರಿ,” ಎಂದು ಅಂಗಿಯಲ್ಲೇ ಹೊರಟುಹೋದರು.

ಉಳಿದದ್ದು ಸಲೀಸು. ಚೌಕಟ್ಟು ಮರದ್ದಾದ್ದರಿಂದ ಸಸ್ಯವರ್ಗವೆಂದು ಪರಿಗಣಿಸಲಾಯಿತು. ಗಾಜನ್ನು ‘ಕರಗದ ಮಂಜು’ ಎಂದು ಬರೆದುಕೊಂಡರು.

ಊರು ಸುಮ್ಮನೆ ಕೂರಲಿಲ್ಲ. ಹಾಲಿನವನ ಮನೆಗೆ ಬಾಗಿಲಿನಷ್ಟು ಎತ್ತರದ ಕುಸಿತ ಮಂಜೂರಾಯಿತು. ಮೇಷ್ಟ್ರು ಮಾಳಿಗೆ ಕಟ್ಟಿಸಿದರು. ಅದು ‘ಛಾವಣಿಯ ಮೇಲ್ಮುಖ ಕುಸಿತ’. ಪ್ರಾಧಿಕಾರದ ಎಲ್ಲರಿಗೂ ಹೊಸ ಬಟ್ಟೆ, ಹಾಲು ಮತ್ತು ಮಕ್ಕಳಿಗೆ ಮನೆಪಾಠ ಸಿಕ್ಕಿತು. ಭಾವಮೈದ ಪುರುಸೊತ್ತಿಲ್ಲದೆ ಇಬ್ಬರು ಸಹಾಯಕ ಕಾರಣಗಳನ್ನು ನೇಮಿಸಿಕೊಂಡ.

ಇದರ ನಡುವೆ ಬುಟ್ಟಿ ಹೆಣೆಯುವ ಅಜ್ಜಿಯ ಕೊಟ್ಟಿಗೆ ಮಳೆಗೆ ಬಿತ್ತು. ಅನುಮತಿಯಿಲ್ಲದೆ ಬಿದ್ದದ್ದಕ್ಕೆ ಅವಳಿಗೆ ನೋಟಿಸ್ ಬಂತು.

“ಮಳೆ ಬೀಳಿಸಿತಪ್ಪಾ, ನಾನೇನು ಮಾಡಲಿ?” ಎಂದಳು ಅಜ್ಜಿ.

“ಆ ಮಳೆ ನಮ್ಮಲ್ಲಿ ನೋಂದಣಿಯಾಗಿದೆಯಾ, ಅಜ್ಜಿ?” ಎಂದ ಗುಮಾಸ್ತ, ಮೆತ್ತಗೆ.

ಆಗಿರಲಿಲ್ಲ. ಕೊಟ್ಟಿಗೆಯನ್ನು ಮತ್ತೆ ಎತ್ತಿ ನಿಲ್ಲಿಸಿ, ಭಾವಮೈದನ ಕೈಯಲ್ಲಿ ಕ್ರಮಬದ್ಧವಾಗಿ ಬೀಳಿಸಲಾಯಿತು. ಈ ಸಲ ಚೆನ್ನಾಗಿ ಬಿತ್ತೆಂದು ಅಜ್ಜಿಯೇ ಹೇಳಿದಳು.

ದರ್ಜಿಯ ಮನೆಗೆ ಪ್ರತಿ ತಿಂಗಳೂ ಪ್ರಾಧಿಕಾರದಿಂದ ಒಂದು ಪ್ರಮಾಣಪತ್ರ ಬರುತ್ತಿತ್ತು: ‘ನೋಟದ ಕಟ್ಟೆಯ ಮೇಲೆ ನಿಂತು ಸದರಿ ಗೋಡೆಯನ್ನು ಖುದ್ದಾಗಿ ನೋಡಲಾಯಿತು. ಕುಸಿತವು ಸಹಜವಾಗಿ ಕಾಣುತ್ತಿದೆ.’ ಕೆಳಗೆ ಅಧಿಕಾರಿಯ ಸಹಿ. ಪತ್ರ ತಂದ ಜವಾನನಿಗೆ ಹೆಂಡತಿ ಒಂದು ಲೋಟ ಮಜ್ಜಿಗೆ ಕೊಡುತ್ತಿದ್ದಳು. ಇಷ್ಟು ದೂರದಿಂದ ಅಷ್ಟು ಸೂಕ್ಷ್ಮವಾಗಿ ನೋಡುವವರ ಕಣ್ಣು ದೊಡ್ಡದು ಎಂದು ದರ್ಜಿಗೆ ಗೌರವವಿತ್ತು.

ವಕೀಲರ ಕೋಟುಗಳು ಉಳಿದವು. ಕಪ್ಪು ಕಪ್ಪಾಗಿ, ನೀಲಿ ನೀಲಿಯಾಗಿ ಕಾಣುತ್ತಿತ್ತು. ಕಿಟಕಿ ಬಂದಾಗಿನಿಂದ ದರ್ಜಿ ಬೆಳಕಿನಲ್ಲಿ ಬಟ್ಟೆಯನ್ನು ನೋಡುತ್ತಿದ್ದನೇ ಹೊರತು ಕಿಟಕಿಯಾಚೆಗೆ ನೋಡಿರಲಿಲ್ಲ. ಒಂದು ಬೆಳಿಗ್ಗೆ, ಆ ತಿಂಗಳ ಪ್ರಮಾಣಪತ್ರ ಕೈಗೆ ಬಂದಾಗ, ಕಟ್ಟೆಯ ಮೇಲೆ ಅಧಿಕಾರಿ ಇನ್ನೂ ನಿಂತಿದ್ದರೆ ಒಂದು ನಮಸ್ಕಾರ ಹಾಕೋಣವೆಂದು ಸೂಜಿಯನ್ನು ಕಾಲರಿಗೆ ಸಿಕ್ಕಿಸಿ ಎದ್ದ. ಕೈಯೆತ್ತಿ ಗುಡ್ಡದ ಕಡೆ ನೋಡಿದ.

ಕಟ್ಟೆ ಕಾಣಲಿಲ್ಲ. ಅದಕ್ಕೆ ಅಡ್ಡವಾಗಿ ಪ್ರಾಧಿಕಾರದ ಕಚೇರಿ ಇತ್ತು.