ಮಂಗಳನ ಮಣ್ಣು, ಅತ್ತೆಯ ರಂಗೋಲಿ

ಅತ್ತೆ ಬಂದಿರುವ ಮನೆಯಲ್ಲಿ ಸಂಶೋಧನೆ ಮಾಡಲು ಎಂಟೆದೆ ಬೇಕು. ಗೌರಿಬಿದನೂರಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ನಾನು ಪಿಎಚ್.ಡಿ.ಗೆ ಹಿಡಿದದ್ದು ಮಂಗಳ ಗ್ರಹದ ಮಣ್ಣು. ಆಗ ಎರಡು ರೋವರು ಗಾಡಿಗಳು ಅಲ್ಲಿ ಓಡಾಡುತ್ತಿದ್ದವು. ಆ ಮಣ್ಣಿನಲ್ಲಿ ಹರಳುಗಟ್ಟದ ಪದಾರ್ಥವೂ ಉಂಟು. ಗಾಜಿನಂತೆ, ಪರಮಾಣುಗಳಿಗೆ ಸಾಲೂ ಇಲ್ಲ, ಶಿಸ್ತೂ ಇಲ್ಲ. ಎಕ್ಸ್-ರೇ ಹಾಯಿಸಿದರೆ ಹರಳು ನಕ್ಷೆಯ ಚೂಪು ಗೆರೆಗಳಲ್ಲಿ ತನ್ನ ಹೆಸರು ಹೇಳಿಬಿಡುತ್ತದೆ. ಇದು ಮಾತ್ರ ಮೊಂಡು ದಿಬ್ಬವೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಸಿಲಿಕಾ, ಕಬ್ಬಿಣ ಸೇರಿಸಿ ಅಂಥದೇ ಕೆಂಪು ಪುಡಿಯನ್ನು ತಿಂಗಳುಗಟ್ಟಲೆ ಕೂತು ತಯಾರಿಸಿದ್ದೆ. ಲ್ಯಾಬಿಗೆ ಸುಣ್ಣ ಹೊಡೆಯುತ್ತಿದ್ದರೆಂದು ಡಬ್ಬವನ್ನು ಮನೆಗೆ ತಂದು, ತಂಪಾಗಿರಲಿ ಎಂದು ದೇವರ ಗೂಡಿನಲ್ಲಿಟ್ಟಿದ್ದೆ.

ಬೆಂಗಳೂರಿನ ಎಕ್ಸ್-ರೇ ಯಂತ್ರ ನನ್ನ ಪಾಲಿಗೆ ಸಿಕ್ಕಿದ್ದು ಒಂದೇ ಒಂದು ದಿನ. ಬೆಳಿಗ್ಗೆ ರೈಲಿಗೆ ಹೊರಡುವಾಗ ಡಬ್ಬ ಎತ್ತಿದರೆ ಹಗುರ! ಹೊರಗೆ ಓಡಿದೆ. ಚಿಂತಾಮಣಿಯಿಂದ ಬಂದಿದ್ದ ಅತ್ತೆ ರಂಗೋಲಿಯ ಸುತ್ತ ಕೆಂಪು ಅಂಚು ಉದುರಿಸಿ, ಸೊಂಟ ನೇರ ಮಾಡಿಕೊಳ್ಳುತ್ತಿದ್ದರು.

“ಅತ್ತೆ, ಅದು ನನ್ನ ಥೀಸಿಸ್ಸು!”

“ಅಯ್ಯೋ ದೇವುಡಾ! ಕೆಮ್ಮಣ್ಣು ಅನ್ಕೊಂಡೆ ಅಳಿಯಂದ್ರೇ. ದೇವ್ರ ಗೂಡಲ್ಲಿ ಇನ್ನೇನಿಡ್ತಾರೆ?”

ಹೆಂಡತಿ ಪೊರಕೆ ತಂದು, “ಗುಡಿಸಿ ಕೊಡ್ಲೇನ್ರೀ?” ಎಂದಳು.

“ಮುಟ್ಟಬೇಡ!” ಎಂದು ಕಿರುಚಿದೆ. ರಂಗೋಲಿ ಪುಡಿ ಅಪ್ಪಟ ಹರಳು. ಅದು ಬೆರೆತರೆ ಕೆಲಸ ಕೆಟ್ಟಂತೆ. ಪೋಸ್ಟ್ ಕಾರ್ಡಿನ ಅಂಚಿನಿಂದ ಮೇಲುಮೇಲಿನ ಕೆಂಪನ್ನಷ್ಟೇ ಎತ್ತತೊಡಗಿದೆ. ಗಾಳಿ ಬೀಸಿದಾಗಲೆಲ್ಲ ಮೂವರೂ ಉಸಿರು ಬಿಗಿಹಿಡಿದೆವು. ಹೇಗೋ ರೈಲು ಹಿಡಿದೆ.

ಬೆಂಗಳೂರಿನಲ್ಲಿ ಯಂತ್ರದ ಪರದೆಯ ಮೇಲೆ ದಿಬ್ಬ ನಿಧಾನವಾಗಿ ಏರಿತು. ಇನ್ನೇನು ಬದುಕಿದೆ ಎನ್ನುವಷ್ಟರಲ್ಲಿ ಚೂಪಾದ ಗೆರೆಯೊಂದು ಎದ್ದು ನಿಂತಿತು.

“ಇದು ಯಾರ್ರೀ?” ಎಂದರು ನನ್ನ ಗೈಡು.

“ನಮ್ಮತ್ತೆ, ಸಾರ್.”

ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಆ ಗೆರೆಯನ್ನೇ ದಿಟ್ಟಿಸಿ ನೋಡಿದರು. ಕೊನೆಗೆ, “ಮಂಗಳದಲ್ಲೂ ಹರಳು ಬೆರೆತೇ ಇರುತ್ತಲ್ರೀ. ಒಟ್ಟು ಲೆಕ್ಕದಲ್ಲಿ ಹರಳಿನ ಪಾಲು ಕಳೀರಿ, ಮಿಕ್ಕಿದ್ದೇ ನಿಮ್ಮ ಪದಾರ್ಥ. ಮೊದಲು ಅತ್ತೆಯವರನ್ನ ಕಳೆಯೋದು ಕಲೀರಿ” ಎಂದರು.

ಸಂಜೆ ಮನೆಗೆ ಬಂದರೆ ಅತ್ತೆ ಊಟವನ್ನೂ ಮಾಡದೆ ಬಾಗಿಲಲ್ಲೇ ಕೂತಿದ್ದರು. “ಕೆಲ್ಸ ಕೆಡ್ಲಿಲ್ಲ ತಾನೆ?”

“ಇಲ್ಲ ಅತ್ತೆ.”

ಸಮಾಧಾನದಿಂದ ಎರಡು ತುತ್ತು ಉಂಡ ಮೇಲೆ ಮೆಲ್ಲಗೆ ಹೇಳಿದರು: “ಬೇಜಾರು ಮಾಡ್ಕೋಬೇಡಿ. ಆ ಮಣ್ಣು ಏನೇನೂ ಚೆನ್ನಾಗಿಲ್ಲ, ಬಣ್ಣಾನೇ ಇಲ್ಲ. ನಮ್ಮೂರ ಕಡೆ ಇದಕ್ಕಿಂತ ಒಳ್ಳೇದು ಸಿಗುತ್ತೆ. ತಂದ್ಕೊಡ್ಲಾ?”

ರೇಗಬೇಕೆಂದೇ ಬಾಯಿ ತೆರೆದೆ. ಆದರೆ ಹೊರಗೆ ಬಂದದ್ದು, “ಒಂದು ಡಬ್ಬ ತನ್ನಿ ಅತ್ತೆ” ಎಂಬ ಮಾತು.